ಸಯಾಮಿನ ಮೇಲೋಗರ

ಬ್ಯಾಂಕಾಕಿಗೆ ಹೊರಟಿದ್ದೇನೆಂದು ಯಾರಿಗೇ ಹೇಳಿ, ನಮ್ಮ ಕಡೆಯವರು ಕೇಳುವ ಮೊದಲ ಪ್ರಶ್ನೆ ಒಂದೇ: "ಊಟಕ್ಕೇನು ಮಾಡುತ್ತೀರಿ?" ಅಲ್ಲಿನ ವಿಹಾರಗಳು, ನದಿ, ಅರಮನೆ ಇವುಗಳ ವಿಚಾರವೆಲ್ಲ ಆಮೇಲೆ. ಕೇಳಿದವರು ಉತ್ತರಕ್ಕೂ ಕಾಯುವುದಿಲ್ಲ. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಉಪ್ಪಿನಕಾಯಿ ಎಂದು ಪಟ್ಟಿ ಹೇಳತೊಡಗುತ್ತಾರೆ. ಪಟ್ಟಿಯ ಹಿಂದೆ ಪ್ರೀತಿಯಿದೆ, ಭಯವೂ ಇದೆ. ಹುಳ, ಹಾವು, ಕಪ್ಪೆಗಳನ್ನು ಬಿಟ್ಟರೆ ಆ ದೇಶದಲ್ಲಿ ಬೇರೆ ಆಹಾರವೇ ಇಲ್ಲವೆಂದು ನಮ್ಮಲ್ಲಿ ಅನೇಕರು ಪ್ರಾಮಾಣಿಕವಾಗಿ ನಂಬಿದ್ದಾರೆ. ಹುರಿದ ಹುಳವನ್ನು ಬೀದಿಯಲ್ಲಿ ಮಾರುವುದುಂಟು, ನಾನೂ ಕಂಡಿದ್ದೇನೆ. ಆದರೆ ಅದರಿಂದ ಆ ದೇಶದ ಊಟವನ್ನು ಅಳೆಯುವುದು, ಮೈಸೂರಿನವರು ಮೂರು ಹೊತ್ತೂ ಮೈಸೂರುಪಾಕನ್ನೇ ತಿನ್ನುತ್ತಾರೆಂದು ಹೇಳಿದ ಹಾಗೆ.

ಸಯಾಮಿಗೆ, ಎಂದರೆ 1939ರಲ್ಲಿ ಥಾಯ್ಲೆಂಡ್ ಎಂದು ಹೆಸರು ಬದಲಾಯಿಸಿಕೊಂಡ ದೇಶಕ್ಕೆ, ನಾನು ಎರಡು ಸಲ ಹೋಗಿ ಬಂದಿದ್ದೇನೆ. ನನ್ನ ತಂಗಿ ಮದುವೆಯಾಗಿ ಬ್ಯಾಂಕಾಕಿನಲ್ಲಿದ್ದಾಳೆ. 2023ರ ಬೇಸಗೆ ರಜದಲ್ಲಿ ನಾನೊಬ್ಬನೇ ಹೋಗಿ ಮೂರು ವಾರ ಇದ್ದೆ. 2024ರ ಸೆಪ್ಟೆಂಬರಿನಲ್ಲಿ ಅಮ್ಮನನ್ನು ಕರೆದುಕೊಂಡು ಹೋದೆ. ತಂಗಿಗೆ ಬಾಣಂತನ ಮಾಡಬೇಕಾಗಿತ್ತು. ಅಮ್ಮನಿಗೆ ಎಪ್ಪತ್ತೆರಡು ವರ್ಷ. ಮೀನು ಮಾಂಸದ ಮಾತು ಹಾಗಿರಲಿ, ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದವಳು. ಎರಡು ತಿಂಗಳು ಅವಳು ಅಲ್ಲಿರಬೇಕು. ಚಟ್ನಿಪುಡಿಯ ಬಲದ ಮೇಲೆ ಒಬ್ಬ ಮುದುಕಿ ಎರಡು ತಿಂಗಳು ಕಳೆಯಬಹುದು; ಒಬ್ಬ ಬಾಣಂತಿಯನ್ನು ಸಾಕಲಾಗುವುದಿಲ್ಲ. ಆದ್ದರಿಂದ ಆ ಊರಿನ ಊಟವೆಂದರೇನು, ಅದರಲ್ಲಿ ನಮಗೆ ಸಲ್ಲುವುದೇನು, ಸಲ್ಲದ್ದೇನು ಎಂಬುದನ್ನು ಅಮ್ಮನಿಗೆ ಮುಂಚಿತವಾಗಿ ತಿಳಿಸುವ ಹೊಣೆ ನನ್ನ ಪಾಲಿಗೆ ಬಂತು. ಇಷ್ಟು ವರ್ಷ ಹುಡುಗರಿಗೆ ಹಳಗನ್ನಡ ಪಾಠ ಹೇಳಿದವನಿಗೆ ಇದೇನೂ ಅದಕ್ಕಿಂತ ಕಷ್ಟವಾಗಲಾರದೆಂದು ಒಪ್ಪಿಕೊಂಡೆ.

ಸಹಾಯಕ್ಕೆ ಬಂದದ್ದೂ ಹಳಗನ್ನಡವೇ. ಅನ್ನಕ್ಕೆ ನಮ್ಮ ಹಿಂದಿನವರು ಓಗರವೆಂದರು. ಅದರ ಮೇಲೆ ಬಡಿಸಿಕೊಳ್ಳುವ ಹುಳಿ, ಪಲ್ಯ, ಗೊಜ್ಜುಗಳಿಗೆ ಮೇಲೋಗರವೆಂದರು. ಓಗರವೆಂಬ ಮಾತು ಈಗ ಪುಳಿಯೋಗರೆಯ ಬಾಲದಲ್ಲಿ ಮಾತ್ರ ಜೀವ ಹಿಡಿದುಕೊಂಡಿದೆ. ಸಯಾಮಿನವರ ಭಾಷೆಯಲ್ಲಿ ಅನ್ನಕ್ಕೆ 'ಖಾವ್'. ಉಳಿದ ಸಮಸ್ತ ಪದಾರ್ಥಗಳಿಗೂ ಸೇರಿ ಒಂದೇ ಹೆಸರು, 'ಕಪ್ ಖಾವ್'. ಹಾಗೆಂದರೆ 'ಅನ್ನದ ಜೊತೆಗೆ' ಎಂದರ್ಥ. ಮೇಲೋಗರ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಭಾಷಾಂತರವನ್ನು ಯಾವ ಪಂಡಿತನೂ ಮಾಡಲಾರ. ಊಟ ಮಾಡುವುದಕ್ಕೆ ಅವರು 'ಕಿನ್ ಖಾವ್' ಎನ್ನುತ್ತಾರೆ, ಅನ್ನ ತಿನ್ನುವುದು. ದಾರಿಯಲ್ಲಿ ಸಿಕ್ಕವರು ಕುಶಲಪ್ರಶ್ನೆಯಾಗಿ ಕೇಳುವುದು 'ಕಿನ್ ಖಾವ್ ರು ಯಂಗ್?' ಎಂದು. "ಊಟ ಆಯಿತೆ?" ನಮ್ಮ ಕೇರಿಯಲ್ಲಿ ಕೇಳುವ ಹಾಗೆಯೇ, ನಮ್ಮಲ್ಲಿಯ ಹಾಗೆಯೇ ಇಲ್ಲವೆಂದು ಉತ್ತರ ಕೊಟ್ಟರೂ ಕೇಳಿದವರು ಗಾಬರಿಯಾಗಬೇಕಾದ್ದಿಲ್ಲ. ಇದನ್ನು ಹೇಳಿದಾಗ ಅಮ್ಮನ ಮುಖದ ಗಂಟು ಸ್ವಲ್ಪ ಸಡಿಲವಾಯಿತು. "ಅನ್ನ ತಿನ್ನೋ ಜನ ಅನ್ನು" ಎಂದಳು.

ಹೊಸಬರು ಅಲ್ಲಿ ಎಡವುವುದು ಇಲ್ಲಿಯೇ. ಹೋಟೆಲಿಗೆ ಹೋಗಿ, ಪಟ್ಟಿಯಲ್ಲಿ ಕಂಡ ಒಂದು ಹೆಸರನ್ನು ತಲೆಗೊಂದರಂತೆ ಹೇಳಿ, ಬಂದದ್ದನ್ನು ಎದುರಿಗಿಟ್ಟುಕೊಂಡು ಅದನ್ನೇ ಬಟ್ಟಲು ಪೂರ್ತಿ ಕುಡಿದು, "ಅಬ್ಬಾ, ಏನು ಹುಳಿ, ಏನು ಖಾರ!" ಎಂದು ಕಣ್ಣೀರಿಡುತ್ತಾರೆ. ನಮ್ಮ ಗೊಜ್ಜನ್ನು ಯಾರಾದರೂ ಅನ್ನವಿಲ್ಲದೆ ಲೋಟದಲ್ಲಿ ಕುಡಿದರೆ ಅವರ ಗತಿಯೂ ಅಷ್ಟೆ. ಅಲ್ಲಿಯ ಮನೆಯೂಟದಲ್ಲಿ ಪ್ರತಿಯೊಬ್ಬರ ತಟ್ಟೆಯಲ್ಲಿರುವುದು ಅನ್ನ ಮಾತ್ರ. ಮೇಲೋಗರಗಳೆಲ್ಲ ಮೇಜಿನ ನಡುವೆ: ಒಂದು ಸಾರಿನಂಥದು, ಒಂದು ಕಾಯಿಹಾಲಿನದು, ಒಂದು ಹುರಿದದ್ದು, ಒಂದು ಕುಟ್ಟಿದ ಖಾರ, ಪಕ್ಕದಲ್ಲಿ ಹಸಿ ತರಕಾರಿ. ಒಂದೊಂದರಿಂದ ಒಂದೊಂದೇ ಚಮಚ ತಂದು ಅನ್ನದ ಅಂಚಿಗೆ ಹಾಕಿಕೊಂಡು, ಅದು ಮುಗಿದ ಮೇಲೆ ಮತ್ತೊಂದಕ್ಕೆ ಕೈ ನೀಡುವುದು. ತಟ್ಟೆಯ ತುಂಬ ಒಮ್ಮೆಗೇ ಬಡಿಸಿಕೊಂಡರೆ ಅದು ಹೊಟ್ಟೆಬಾಕತನವಾಗಿ ಕಾಣುತ್ತದೆ. ತಿನ್ನುವುದು ಬಲಗೈಯ ಚಮಚದಿಂದ. ಎಡಗೈಯ ಮುಳ್ಳುಚಮಚ ಅನ್ನವನ್ನು ಚಮಚಕ್ಕೆ ತಳ್ಳುವುದಕ್ಕೆ ಮಾತ್ರ. ಕಡ್ಡಿಗಳನ್ನು ಹಿಡಿಯುವುದು ಶ್ಯಾವಿಗೆಯಂಥ ಚೀನೀ ಮೂಲದ ಪದಾರ್ಥಗಳಿಗಷ್ಟೆ. ಉತ್ತರದ ಮತ್ತು ಈಶಾನ್ಯದ ಸೀಮೆಗಳಲ್ಲಿ ಅಂಟಕ್ಕಿಯ ಅನ್ನವನ್ನು ಬಿದಿರ ಬುಟ್ಟಿಯಿಂದ ಕೈಯಲ್ಲೇ ತೆಗೆದು, ಬೆರಳತುದಿಯಲ್ಲಿ ಉಂಡೆ ಮಾಡಿ, ಖಾರಕ್ಕೆ ಅದ್ದಿ ತಿನ್ನುತ್ತಾರೆ. ರಾಗಿಮುದ್ದೆ ಮುರಿಯುವ ಕೈಗೆ ಅದು ಹೇಳಿಕೊಡಬೇಕಾದ ವಿದ್ಯೆಯಲ್ಲ.

"ಎಲ್ಲರೂ ಒಂದೇ ಬಟ್ಟಲಿಗೆ ಚಮಚ ಹಾಕಿದರೆ ಎಂಜಲಲ್ಲವೇನೋ?" ಎಂದು ಅಮ್ಮ ಕೇಳಿದಳು. ನಾನು ನಿರೀಕ್ಷಿಸಿದ್ದ ಪ್ರಶ್ನೆಯೇ. ಬಡಿಸಿಕೊಳ್ಳುವುದಕ್ಕೆಂದು ಬೇರೆಯೇ ಒಂದು ಚಮಚವಿರುತ್ತದೆ. 'ಚೋನ್ ಕ್ಲಾಂಗ್', ನಡುವಿನ ಚಮಚ, ಎಂದು ಅದರ ಹೆಸರು.

ಇನ್ನು ಹೆಸರುಗಳು. ಕಿವಿಗೆ ಕಂಚು ಬಡಿದಂತೆ ಕೇಳಿದರೂ ಅವುಗಳ ನಡುವೆ ನಮಗೆ ಪರಿಚಯದವರು ಇದ್ದಾರೆ. ಆಹಾರವನ್ನು ಅವರು ಆಹಾರವೆಂದೇ ಬರೆದು 'ಆಹಾನ್' ಎಂದು ಉಚ್ಚರಿಸುತ್ತಾರೆ. ರಸವೆಂದು ಬರೆದು 'ರೊಟ್' ಎಂದು ಓದುತ್ತಾರೆ, ಅರ್ಥ ರುಚಿಯೇ. ಸಸ್ಯಾಹಾರಕ್ಕೆ ಅವರ ಮಾತು 'ಮಂಗ್ಸವಿರತ್'. ಇದು ನಮ್ಮ ಮಾಂಸವಿರತಿ! ನಮ್ಮಲ್ಲಿ ಇಷ್ಟು ಚೆಲುವಾದ ಮಾತು ಬಳಕೆಯಲ್ಲಿಲ್ಲವಲ್ಲ ಎಂದು ನನಗೆ ಹೊಟ್ಟೆಕಿಚ್ಚೇ ಆಯಿತು. ಮೆಣಸಿನ ಕಥೆ ಇನ್ನೂ ಸ್ವಾರಸ್ಯದ್ದು. ಅವರಲ್ಲಿ ಮೆಣಸಿನಕಾಯಿಗೆ 'ಫ್ರಿಕ್' ಎಂದು ಹೆಸರು, ಕಾಳುಮೆಣಸಿಗೆ 'ಫ್ರಿಕ್ ಥಾಯ್', ಎಂದರೆ ನಮ್ಮ ನಾಡಿನ ಫ್ರಿಕ್ ಎಂದು. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಸಯಾಮಿನ ಅಂದಿನ ರಾಜಧಾನಿ ಅಯುತ್ಥಯಕ್ಕೆ ಅವರ ದೂತ ಹೋದದ್ದು 1511ರಲ್ಲಿ. ಅವರ ಹಡಗುಗಳ ಬೆನ್ನಿಗೆ ಅಮೆರಿಕದ ಈ ಕಾಯಿ ಎರಡು ಕಡೆಗೂ ಬಂತು. ಬಂದದ್ದೇ ಮನೆಯ ಹಿರಿಯನ ಹೆಸರನ್ನು ಕಿತ್ತುಕೊಂಡಿತು. ನಮ್ಮಲ್ಲಿಯೂ ಮೆಣಸು ಎಂಬ ಹೆಸರನ್ನು ಮೆಣಸಿನಕಾಯಿಗೆ ಕೊಟ್ಟು, ಪಾಪ, ಹಳೆಯ ಮೆಣಸು ಕರಿಮೆಣಸು, ಕಾಳುಮೆಣಸು ಎಂದು ವಿಶೇಷಣ ಹಚ್ಚಿಕೊಂಡು ತಿರುಗಬೇಕಾಗಿದೆ. ಮೂರನೆಯ ಮಂಗರಸನ 'ಸೂಪಶಾಸ್ತ್ರ'ದ ಅಡಿಗೆಮನೆಯಲ್ಲಿ ಮೆಣಸಿನಕಾಯಿಯ ಸುಳಿವಿಲ್ಲ. ಸಯಾಮಿನ ಹಳೆಯ ಅಡಿಗೆಗೂ ಖಾರ ಕೊಟ್ಟದ್ದು ಕಾಳುಮೆಣಸೇ. ಈ ಮಾತು ಮುಂದೆ ಬೇಕಾಗುತ್ತದೆ.

ಹೆಸರಾದ ಪದಾರ್ಥಗಳಲ್ಲಿ ಮೊದಲು ಹೇಳಬೇಕಾದದ್ದು ತೊಮ್ ಯಮ್. 'ತೊಮ್' ಎಂದರೆ ಕುದಿಸಿದ್ದು; 'ಯಮ್' ಎಂದರೆ ಹುಳಿ ಖಾರಗಳನ್ನು ಬೆರೆಸಿ ಕಲಸಿದ್ದು, ನಮ್ಮ ಧರ್ಮರಾಯನಿಗೂ ಅದಕ್ಕೂ ಸಂಬಂಧವಿಲ್ಲ. ಸೀಗಡಿ ಹಾಕಿದ್ದಕ್ಕೆ ತೊಮ್ ಯಮ್ ಕುಂಗ್ ಎನ್ನುತ್ತಾರೆ. ಅದನ್ನು 2024ರಲ್ಲಿ ಯುನೆಸ್ಕೋ ಸಂಸ್ಥೆ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಸಾರಿನ ಜೀವ ಸೀಗಡಿಯಲ್ಲಿಲ್ಲ, ಮೂರು ಸೊಪ್ಪು ಬೇರುಗಳಲ್ಲಿದೆ: ನಾವು ಮಜ್ಜಿಗೆಗೆ ಹಾಕುವ ಮಜ್ಜಿಗೆಹುಲ್ಲು, ಶುಂಠಿಯ ದಾಯಾದಿಯಾದ 'ಖಾ' ಎಂಬ ಗೆಡ್ಡೆ, ಮತ್ತು ಒರಟು ಸಿಪ್ಪೆಯ ಒಂದು ಜಾತಿಯ ನಿಂಬೆಯ ಎಲೆ. ಕೊನೆಗೆ ಒಲೆಯಿಂದಿಳಿಸಿ ನಿಂಬೆರಸ ಹಿಂಡುತ್ತಾರೆ. ಹೊಸಬರು ಒಂದು ವಿಷಯ ತಿಳಿದಿರಬೇಕು. ಈ ಹುಲ್ಲು, ಗೆಡ್ಡೆ, ಎಲೆಗಳನ್ನು ಅಗಿಯುವುದಿಲ್ಲ; ನಾವು ಕರಿಬೇವನ್ನು ಎಲೆಯ ಅಂಚಿಗೆ ಸರಿಸುವಂತೆ ಸರಿಸಿಬಿಡುವುದು. ಪರದೇಶಿಗಳು ಮರ್ಯಾದೆಗೆ ಅಂಜಿ ಹುಲ್ಲಿನ ಬುಡವನ್ನು ಅಗಿಯುತ್ತ ಕಣ್ಣುಬಿಡುವ ದೃಶ್ಯವನ್ನು ನಾನು ಕಂಡಿದ್ದೇನೆ. ಇದೇ ಸಾಮಗ್ರಿಗೆ ಕಾಯಿಹಾಲು ಬೆರೆಸಿ, ಖಾ ಗೆಡ್ಡೆಯನ್ನು ಮುಂದುಮಾಡಿದರೆ ತೊಮ್ ಖಾ. ಖಾರಕ್ಕೆ ಹೆದರುವವರು ಇದರಿಂದ ತೊಡಗುವುದು ಮೇಲು.

ಸೊಮ್ ತಮ್ ಎಂಬುದು ಈಶಾನ್ಯದವರ ಕೋಸಂಬರಿ. ಮಣ್ಣಿನ ಒರಳು, ಮರದ ಒನಕೆ. ಹಸಿ ಪರಂಗಿಕಾಯಿಯ ಎಳೆ, ಅಲಸಂದೆಕಾಯಿ, ಟೊಮೇಟೊ, ಬೆಳ್ಳುಳ್ಳಿ, ಮೆಣಸಿನಕಾಯಿ, ತಾಳೆಬೆಲ್ಲ, ನಿಂಬೆ, ಕಡಲೆಕಾಯಿಬೀಜ, ಒಣಸೀಗಡಿ. ಅರೆಯುವುದಿಲ್ಲ, ಮೆತ್ತಗೆ ಜಜ್ಜುವುದು. ಬೀದಿಯ ತುದಿಯಲ್ಲಿ 'ಪೊಕ್, ಪೊಕ್' ಎಂಬ ಸದ್ದು ಕೇಳಿದರೆ ಅಲ್ಲಿ ಸೊಮ್ ತಮ್ ಆಗುತ್ತಿದೆಯೆಂದು ತಿಳಿಯಬೇಕು. ಮಾರುವವಳು "ಎಷ್ಟು ಮೆಣಸಿನಕಾಯಿ?" ಎಂದು ಕೇಳುತ್ತಾಳೆ. ಆಂಧ್ರದವರ ಊಟ ಉಂಡವನು ನಾನು ಎಂಬ ಜಂಬದಲ್ಲಿ ಐದು ಎಂದುಬಿಡಬಾರದು. ಅವರ ಪುಟಾಣಿ ಮೆಣಸಿನಕಾಯಿಯ ಕಥೆಯೇ ಬೇರೆ. ಒಂದು ಸಾಕು.

ಪ್ಯಾಡ್ ಥಾಯ್ ಎಂಬ ಹುರಿದ ಅಕ್ಕಿಶ್ಯಾವಿಗೆಯ ಹೆಸರು ಈಗ ಬೆಂಗಳೂರಿನ ಹುಡುಗರಿಗೂ ಗೊತ್ತು. ಹುಣಿಸೆ, ತಾಳೆಬೆಲ್ಲ, ಮೊಳಕೆಕಾಳು, ಕಡಲೆಕಾಯಿಬೀಜದ ತರಿ, ಸೋಯಾ ಹಾಲಿನ ಗಿಣ್ಣಿನಂಥ ತೋಫು, ಮೊಟ್ಟೆ, ಒಣಸೀಗಡಿ. ಇದು ಸನಾತನ ಭಕ್ಷ್ಯವೇನಲ್ಲ. 1938ರಿಂದ 1944ರವರೆಗೆ ಪ್ರಧಾನಿಯಾಗಿದ್ದ ಫಿಬೂನ್ ಸೊಂಗ್‌ಖ್ರಾಮ್, ದೇಶದ ಹೆಸರನ್ನು ಬದಲಾಯಿಸಿದವನೇ, ಯುದ್ಧದ ಆ ದಿನಗಳಲ್ಲಿ ಜನ ಶ್ಯಾವಿಗೆ ತಿನ್ನಬೇಕೆಂದು ಪ್ರಚಾರ ಮಾಡಿಸಿದ. ಚೀನೀಯರ ಶ್ಯಾವಿಗೆ ಥಾಯ್ ಎಂಬ ಬಿರುದು ಧರಿಸಿ ರಾಷ್ಟ್ರೀಯವಾಯಿತು. ಸರ್ಕಾರ ಹೇಳಿದ್ದನ್ನು ಜನ ಇಷ್ಟು ಸಂತೋಷದಿಂದ ನುಂಗಿದ ಉದಾಹರಣೆ ಇನ್ನೊಂದು ಸಿಕ್ಕುವುದು ಕಷ್ಟ. ನನಗೇನೋ ಅದು ಕೊಂಚ ಅತಿಸಿಹಿ. ಅವಸರದ ಹಸಿವಿಗೆ ಆಗುತ್ತದೆ, ಊಟವೆನಿಸುವುದಿಲ್ಲ.

ಊಟವೆನಿಸುವುದು ಕೇಂಗ್‌ಗಳು. ಒಣಗಿದ ಅಥವಾ ಹಸಿ ಮೆಣಸಿನಕಾಯಿ, ಮಜ್ಜಿಗೆಹುಲ್ಲು, ಖಾ, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿಯ ಬೇರು (ನಾವು ಎಸೆಯುವ ಬೇರು!) ಇವನ್ನು ಕಲ್ಲಿನ ಕುಟ್ಟಾಣಿಯಲ್ಲಿ ನಯವಾಗಿ ಕುಟ್ಟಿ, ಗಟ್ಟಿ ಕಾಯಿಹಾಲು ಎಣ್ಣೆ ಬಿಡುವವರೆಗೆ ಬಾಡಿಸಿ, ತೆಳು ಹಾಲು ಬಿಟ್ಟು ಕುದಿಸಿದರೆ ಕೇಂಗ್. ಹಸಿರು ಮೆಣಸಿನಕಾಯಿಯದು ಕೇಂಗ್ ಖಿಯೋ ವಾನ್, ಒಣಮೆಣಸಿನಕಾಯಿಯದು ಕೆಂಪು. ಮಸ್ಸಮನ್ ಎಂಬುದರಲ್ಲಿ ಏಲಕ್ಕಿ, ಲವಂಗ, ದಾಲ್ಚಿನ್ನಿ, ಜೀರಿಗೆಯಂಥ ನಮ್ಮ ನಂಟರೆಲ್ಲ ಸೇರಿದ್ದಾರೆ. ಮುಸಲ್ಮಾನ ವರ್ತಕರ ಸಂಪರ್ಕದ ಗುರುತು ಅದರ ಹೆಸರಿನಲ್ಲೇ ಉಳಿದಿದೆ. 1809ರಿಂದ 1824ರವರೆಗೆ ಆಳಿದ ಎರಡನೆಯ ರಾಮ ಎಂಬ ದೊರೆ ಅಡಿಗೆಗಳನ್ನೇ ವಸ್ತುವಾಗಿಟ್ಟು ರಚಿಸಿದ ದೋಣಿಯ ಹಾಡೊಂದರಲ್ಲಿ ಮಸ್ಸಮನ್ನಿನ ಹೊಗಳಿಕೆ ಬರುತ್ತದೆ. ಮಂಗರಸನಿಗೆ ಅಲ್ಲೊಬ್ಬ ಜೊತೆಗಾರ ಸಿಕ್ಕಿದನಲ್ಲ ಎಂದು ನನಗೆ ಖುಷಿಯಾಯಿತು.

ತುಳಸಿಯ ವಿಚಾರ ಹೇಳದೆ ಬಿಡುವಂತಿಲ್ಲ. ಬೆಳಗಿನ ಸಂತೆಯಲ್ಲಿ ತುಳಸಿಯನ್ನು ಕಟ್ಟುಕಟ್ಟಾಗಿ ಮಾರುವುದನ್ನು ಕಂಡು ಅಮ್ಮ ಹಿಗ್ಗಿದಳು. ಬಿಳಿಯದು, ಕಪ್ಪುಛಾಯೆಯದು ಎಂದು ಎರಡು ಬಗೆಯೂ ಇದ್ದುವು. "ಪೂಜೆಗೆ ಏನೂ ಕಷ್ಟವಿಲ್ಲ ಬಿಡು" ಎಂದು ಎರಡು ಕಟ್ಟು ತೆಗೆದುಕೊಂಡಳು. ನಾಲ್ಕು ಹೆಜ್ಜೆ ಆಚೆಗೆ, ಉರಿಯುವ ಬಾಣಲೆಯಲ್ಲಿ ಕೊಚ್ಚಿದ ಹಂದಿಮಾಂಸವನ್ನು ಕೈಯಾಡಿಸುತ್ತಿದ್ದವನು ಅದೇ ಎಲೆಯನ್ನು ಹಿಡಿತುಂಬ ತೆಗೆದು ಮೇಲೆ ಹಾಕಿದ. ಘಮ್ಮೆಂದು ಬೃಂದಾವನದ ವಾಸನೆ ಎದ್ದಿತು. ಅದು ಆ ದೇಶದವರು ದಿನ ಬೆಳಗಾದರೆ ತಿನ್ನುವ ಪ್ಯಾಡ್ ಕಪ್ರಾವ್. ಏನು ತಿನ್ನಬೇಕೆಂದು ತೋಚದವನು ಹೇಳುವುದು ಅದನ್ನೇ. ಮೇಲೊಂದು ಹುರಿದ ಮೊಟ್ಟೆ. ಅದಕ್ಕೆ ಅವರು ನಕ್ಷತ್ರದ ಮೊಟ್ಟೆ ಎನ್ನುತ್ತಾರೆ. ಕಪ್ರಾವ್ ನಮ್ಮ ತುಳಸಿಯೇ, ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಹೆಸರೊಂದೇ. ಅವರಿಗೆ ಅದು ಅಡಿಗೆಯ ಸೊಪ್ಪು, ಪೂಜೆಯ ಮಾತಿಲ್ಲ. ಅಮ್ಮ ಒಂದು ಗಳಿಗೆ ಸುಮ್ಮನೆ ನಿಂತಿದ್ದು, "ತುಳಸಿಯಾಗಿರಲಾರದು ಕಣೋ, ಅದರ ತಂಗಿಯಿರಬೇಕು" ಎಂದು ತೀರ್ಪು ಕೊಟ್ಟು ಮುಂದೆ ನಡೆದಳು. ಕೈಯಲ್ಲಿದ್ದ ಎರಡು ಕಟ್ಟುಗಳನ್ನು ಮಾತ್ರ ಬಿಡಲಿಲ್ಲ. ಮರುದಿನ ಅವು ದೇವರ ಮುಂದೆ ಇದ್ದುವು.

ಇಷ್ಟು ಹೊತ್ತೂ ಮುಂದೂಡಿದ ಮಾತಿಗೆ ಈಗ ಬರಬೇಕು. ಈ ಪದಾರ್ಥಗಳಿಂದ ಮಾಂಸವನ್ನು, ಸೀಗಡಿಯನ್ನು ತೆಗೆದುಬಿಟ್ಟರೆ ನಮಗೆ ಸಲ್ಲುವುದಲ್ಲವೆ ಎಂದು ಕೇಳಬಹುದು. ಸಲ್ಲುವುದಿಲ್ಲ. ಅವರ ಅಡಿಗೆಯಲ್ಲಿ ಉಪ್ಪಿನ ಕೆಲಸವನ್ನು ಮಾಡುವುದು 'ನಾಮ್ ಪ್ಲಾ', ಮೀನಿನ ನೀರು. ಸಣ್ಣ ಮೀನುಗಳನ್ನು ಉಪ್ಪಿನೊಡನೆ ಒಂದು ವರ್ಷವೋ ಹೆಚ್ಚೋ ಹುದುಗಿಟ್ಟು ಬಸಿದ ತಿಳಿ ಅದು. ಕೇಂಗಿನ ಖಾರಕ್ಕೆ ಕುಟ್ಟುವಾಗ ಸೇರಿಸುವ ಇನ್ನೊಂದು ಪದಾರ್ಥ 'ಕಪಿ'. ಹೆದರಬೇಕಾಗಿಲ್ಲ, ಅದು ನಮ್ಮ ಕಪಿಯಲ್ಲ. ಉಪ್ಪು ಹಾಕಿ ಹುದುಗಿಸಿದ ಸೀಗಡಿಯ ಮುದ್ದೆ. ಇವೆರಡೂ ಕಣ್ಣಿಗೆ ಕಾಣುವುದಿಲ್ಲ. ಬರಿಯ ಸೊಪ್ಪಿನ ಪಲ್ಯವೆಂದು ನೀವು ನಂಬಿ ತಿನ್ನುತ್ತೀರಿ. ಮಾಡಿದವನೂ ವಂಚಕನಲ್ಲ, ಉಪ್ಪು ಹಾಕಿದೆನೆಂದೇ ಅವನ ಭಾವನೆ. ಮಂಗ್ಸವಿರತ್ ಎಂದು ಹೇಳಿದರೆ ಮಾಂಸ ಬಿಟ್ಟಾನು, ಮೊಟ್ಟೆ ಬಂದೀತು. ಬುದ್ಧನ ನಾಡಿನಲ್ಲಿ ಹೀಗೇಕೆ ಎಂದು ನಮ್ಮವರು ಆಶ್ಚರ್ಯಪಡುತ್ತಾರೆ. ಅಲ್ಲಿನ ಭಿಕ್ಷುಗಳು ಬೆಳಗ್ಗೆ ಪಾತ್ರೆ ಹಿಡಿದು ಬಂದಾಗ ಗೃಹಸ್ಥರು ಹಾಕಿದ್ದನ್ನು ಉಣ್ಣಬೇಕು. ತನಗಾಗಿಯೇ ಕೊಂದದ್ದಲ್ಲವಾದರೆ ಮಾಂಸಕ್ಕೆ ನಿಷೇಧವಿಲ್ಲ.

ಬಿಗಿಯಾದ ಸಸ್ಯಾಹಾರಕ್ಕೆ ಅಲ್ಲಿ ಬೇರೆ ಹೆಸರಿದೆ: 'ಜೇ'. ಇದು ಚೀನೀ ಮನೆತನಗಳ ಸಂಪ್ರದಾಯ. ಮೀನು ಮಾಂಸವಿಲ್ಲ, ಮೊಟ್ಟೆಯಿಲ್ಲ, ನಾಮ್ ಪ್ಲಾ ಇಲ್ಲ. ಅಷ್ಟೇ ಅಲ್ಲ, ಬೆಳ್ಳುಳ್ಳಿ ಈರುಳ್ಳಿಗಳೂ ಇಲ್ಲ! ಇದನ್ನು ಕೇಳಿದಾಗ ಅಮ್ಮ ಆ ಚೀನೀಯರು ಯಾವ ಮಠದವರೆಂದು ವಿಚಾರಿಸಿದಳು. ಹಾಲು ಮೊಸರೂ ಇಲ್ಲವೆಂದು ಕೇಳಿದ ಮೇಲೆ ಉತ್ಸಾಹ ಸ್ವಲ್ಪ ಇಳಿಯಿತು. ಮೊಸರಿಲ್ಲದೆ ಊಟ ಮುಗಿಯುವುದು ಹೇಗೆ? ಮೊಸರೇನೋ ಫಹುರತ್ ಎಂಬ ಕಡೆ, ಗುರುದ್ವಾರದ ಸುತ್ತಿನ ನಮ್ಮವರ ಅಂಗಡಿಗಳಲ್ಲಿ ಸಿಕ್ಕಿತು. ಚೀನೀಯರ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ ಜೇ ವ್ರತದ ಹಬ್ಬ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಜೇ ಎಂದು ಬರೆದು ಅಂಗಡಿ ಅಂಗಡಿಗೂ ಕಟ್ಟುತ್ತಾರೆ. 2024ರಲ್ಲಿ ಅದು ಅಕ್ಟೋಬರ್ 3ರಂದು ಪ್ರಾರಂಭವಾಯಿತು. ನಮ್ಮ ನವರಾತ್ರಿಯ ಪಾಡ್ಯವೂ ಅಂದೇ. ಸಿಲೋಮ್ ರಸ್ತೆಯಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿಯಲ್ಲಿ ನವರಾತ್ರಿಯ ಉತ್ಸವ, ಅಲ್ಲಿಂದ ತುಸು ದೂರದ ಚೀನೀ ಕೇರಿಯಲ್ಲಿ ಹಳದಿ ಬಾವುಟ.

ಮಗು ಸೆಪ್ಟೆಂಬರಿನ ಮೂರನೆಯ ವಾರ ಹುಟ್ಟಿತ್ತು. ತಂಗಿಯ ಮನೆಯಿರುವ ಓಣಿಯ ಬಾಯಲ್ಲಿ ಒಬ್ಬಾಕೆ ಅನ್ನ ಮೇಲೋಗರದ ಅಂಗಡಿ ಇಟ್ಟಿದ್ದಾಳೆ. ಹತ್ತು ಹನ್ನೆರಡು ತಟ್ಟೆಗಳಲ್ಲಿ ಬೆಳಗಿನ ಅಡಿಗೆ ಜೋಡಿಸಿರುತ್ತದೆ. ಬೆರಳು ತೋರಿಸಿದ್ದನ್ನು ಅನ್ನದ ಮೇಲೆ ಬಡಿಸಿ ಕೊಡುತ್ತಾಳೆ. ಓಣಿಗೆಲ್ಲ ಆಕೆ 'ಪಾ', ಎಂದರೆ ದೊಡ್ಡಮ್ಮ. ಅಲ್ಲಿಯೂ ಯಾರನ್ನೂ ಬರಿಯ ಹೆಸರಿನಿಂದ ಕೂಗುವುದಿಲ್ಲ. ಅಕ್ಕ, ತಮ್ಮ, ದೊಡ್ಡಮ್ಮ, ಅಜ್ಜಿ ಎಂದೇ ಮಾತು. ಜೇ ಹಬ್ಬಕ್ಕೆ ಎರಡು ದಿನ ಮುಂಚೆ ಪಾ ಒಂದು ಮುಚ್ಚಿದ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ತಂದಳು. ಬಾಣಂತಿಗೆಂದು. ಅದು ಕೇಂಗ್ ಲಿಯಂಗ್. ಹಾಲು ಚೆನ್ನಾಗಿ ಬರಲೆಂದು ಹೆತ್ತವಳಿಗೆ ಕೊಡುವ ಸಾರು. ಹೀರೆಕಾ‌ಯಿ, ಸಿಹಿಗುಂಬಳ, ಎಳೆಯ ಜೋಳ, ನಮ್ಮ ಕಾಮಕಸ್ತೂರಿಯ ವಾಸನೆಯ ಒಂದು ಸೊಪ್ಪು, ಮತ್ತು ಖಾರಕ್ಕೆ ಕಾಳುಮೆಣಸು. ಹಿಂದೆ ಅಲ್ಲಿ ಬಾಣಂತಿಯನ್ನು ಬೆಂಕಿಯ ಮಗ್ಗುಲಲ್ಲೇ ದಿನಗಟ್ಟಲೆ ಮಲಗಿಸುತ್ತಿದ್ದರು. ಬ್ಯಾಂಕಾಕಿನ ಆ ಸೆಕೆಯಲ್ಲಿ ಮಗಳ ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿದ್ದ ಅಮ್ಮನನ್ನು ಕಂಡು, ಓಣಿಯಲ್ಲಿ ಸರಿಯಾದ ತಿಳಿವಳಿಕೆಯವರು ಒಬ್ಬರು ಬಂದರೆಂದು ಪಾ ಮೆಚ್ಚಿಕೊಂಡಿದ್ದಳು.

ಅಮ್ಮ ಬಟ್ಟಲನ್ನು ಎರಡು ಕೈಯಲ್ಲಿ ಇಸಿದುಕೊಂಡಳು. ಪಾ ಹೋದ ಮೇಲೆ ಮುಚ್ಚಳ ತೆಗೆದಾಗ ಮೆಣಸಿನ ಘಮದ ಕೆಳಗಿಂದ ಕಪಿ ಎದ್ದುಬಂದಿತು. ಅಮ್ಮ ಮುಚ್ಚಳ ಮುಚ್ಚಿ, ಕಟ್ಟೆಯ ಮೂಲೆಗಿಟ್ಟು, ಕೈ ತೊಳೆದುಕೊಂಡು ಸುಮ್ಮನೆ ಕುಳಿತಳು. ತಂಗಿಯೂ ತಿನ್ನುವವಳಲ್ಲ. ಸಂಜೆ ಆಫೀಸಿನಿಂದ ಬಂದ ಅವಳ ಗಂಡ ಸುಲಭದ ದಾರಿ ಹೇಳಿದ: ಕೆಳಗಿನ ಕಾವಲುಗಾರನಿಗೆ ಕೊಟ್ಟು, ಬಟ್ಟಲು ತೊಳೆದು, ಬಹಳ ಚೆನ್ನಾಗಿತ್ತೆಂದು ಹೇಳಿ ಹಿಂದಿರುಗಿಸುವುದು. ಊರಲ್ಲಿ ಎಲ್ಲರೂ ಮಾಡುವುದು ಅದನ್ನೇ. ಅಮ್ಮ ಒಪ್ಪಲಿಲ್ಲ. "ಚೆನ್ನಾಗಿತ್ತು ಅಂದರೆ ನಾಳೆ ಮತ್ತೆ ಮಾಡ್ತಾಳೆ. ಹೆತ್ತವಳಿಗೆ ಅಂತ ಮಾಡಿದ್ದು ಕಣಪ್ಪ. ಅದರ ಮೇಲೆ ಸುಳ್ಳು ಹೇಳಬಾರದು" ಎಂದಳು. ಹಾಗೆಂದು ಅದನ್ನು ಮಗಳಿಗೆ ಬಡಿಸುವುದೂ ಆಗದು. ಎಪ್ಪತ್ತು ವರ್ಷ ನಡೆಸಿಕೊಂಡು ಬಂದದ್ದನ್ನು ಬಿಡುವುದು ದಾಕ್ಷಿಣ್ಯಕ್ಕೆ ಆಗುವ ಕೆಲಸವಲ್ಲ. ಬಿಡಲಿ ಎಂದು ನಾನೂ ಬಯಸಲಿಲ್ಲ.

ಅಮ್ಮ ಎದ್ದು ಮೆಣಸು ಜೀರಿಗೆ ಹುರಿದು ಕುಟ್ಟಿ ಬಾಣಂತಿ ಸಾರು ಮಾಡಿದಳು. ಒಂದು ಕೈಯಲ್ಲಿ ಪಾ ತಂದಿದ್ದ ಬಟ್ಟಲು, ಮುಟ್ಟದೆ ಹಾಗೆಯೇ. ಅಳಿಯನ ಕೈಯಲ್ಲಿ ಸಾರಿನ ಪಾತ್ರೆ. ನಾನೂ ಹಿಂದೆ ಹೋದೆ. ಪಾ ಅಂಗಡಿ ಮುಚ್ಚಿ, ಜೇ ಹಬ್ಬಕ್ಕಾಗಿ ಪಾತ್ರೆಗಳನ್ನೆಲ್ಲ ಹರವಿಕೊಂಡು ತಿಕ್ಕುತ್ತಿದ್ದಳು. ತುಂಬಿದ ಬಟ್ಟಲನ್ನು ಕಂಡು ಅವಳ ಮುಖ ಚಿಕ್ಕದಾದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಳಿಯ ತನಗೆ ಬಂದಷ್ಟು ಭಾಷೆಯಲ್ಲಿ ವಿಷಯ ಹೇಳಿದ. ಅವನು ಮಾತು ಮುಗಿಸುವವರೆಗೆ ಅವಳು ತಲೆಯೆತ್ತಲಿಲ್ಲ. ಆಮೇಲೆ ಅಮ್ಮನ ಪಾತ್ರೆಯ ಮುಚ್ಚಳ ತೆಗೆದು ಮೂಸಿ, "ಫ್ರಿಕ್ ಥಾಯ್!" ಎಂದಳು. ಒಂದು ಚಮಚ ಬಾಯಿಗೆ ಹಾಕಿಕೊಂಡು, ಇನ್ನೊಂದು ಹಾಕಿಕೊಂಡು, ಅಮ್ಮನ ಮಣಿಕಟ್ಟು ಹಿಡಿದು ಒಳಗೆ ಅಡಿಗೆಮನೆಗೆ ಕರೆದುಕೊಂಡು ಹೋದಳು. ಅಳಿಯ ಬಾಗಿಲಲ್ಲಿಯೇ ಉಳಿದ. ಅರ್ಧ ಗಂಟೆ ಒಳಗಿನಿಂದ ಎರಡು ಭಾಷೆಗಳೂ ಕುಟ್ಟಾಣಿಯ ಸದ್ದೂ ಬರುತ್ತಿದ್ದುವು.

ಹಬ್ಬದ ಮೊದಲ ದಿನ ಬೆಳಗ್ಗೆ ಪಾ ಮತ್ತೆ ಬಂದಳು. ಹೊಸದಾಗಿ ತಿಕ್ಕಿದ ಪಾತ್ರೆ. ಅದೇ ಹೀರೆಕಾಯಿ, ಅದೇ ಮೆಣಸು. ಕಪಿ ಇಲ್ಲ, ಈರುಳ್ಳಿಯಿಲ್ಲ, ಉಪ್ಪು ಮತ್ತು ಸೋಯಾ ಕಾಳಿನ ತಿಳಿ. ಅಮ್ಮ ಮೊದಲು ತಾನು ರುಚಿ ನೋಡಿದಳು. ಆಮೇಲೆ ಬಿಸಿಯನ್ನಕ್ಕೆ ಕಲಸಿ ಮಗಳಿಗೆ ಕೊಟ್ಟಳು. ಮೇಲೆ ಒಂದು ಮಿಳ್ಳೆ ತುಪ್ಪ ಹಾಕಿದ್ದು ಮಾತ್ರ ಅಮ್ಮನ ತಿದ್ದುಪಡಿ. ಒಂಬತ್ತು ದಿನವೂ ಆ ಪಾತ್ರೆ ಬಂದಿತು. ಹಬ್ಬ ಮುಗಿದು ಬಾವುಟಗಳಿಳಿದ ಮೇಲೂ ವಾರಕ್ಕೆರಡು ಸಲ ಬರುವುದು ತಪ್ಪಲಿಲ್ಲವೆಂದು ತಂಗಿ ಆಮೇಲೆ ತಿಳಿಸಿದಳು.

ಎಲ್ಲ ಹೊಸಬರಿಗೂ ಓಣಿಯ ಬಾಯಲ್ಲಿ ಒಬ್ಬ ಪಾ ಸಿಕ್ಕುವುದಿಲ್ಲ. ಆದ್ದರಿಂದ ಎರಡು ಮಾತು ಕಲಿತಿದ್ದರೆ ಒಳ್ಳೆಯದು. 'ಕಿನ್ ಜೇ' ಎಂದರೆ ಜೇ ಊಟ ಮಾಡುತ್ತೇನೆ ಎಂದು. 'ಮಾಯ್ ಸಾಯ್ ನಾಮ್ ಪ್ಲಾ' ಎಂದರೆ ಮೀನಿನ ನೀರು ಹಾಕಬೇಡಿ ಎಂದು; ಕನ್ನಡದ ಕಿವಿಗೆ ಶಾಪ ಹಾಕಿದಂತೆ ಕೇಳುತ್ತದೆ, ಅವರಿಗೆ ಹಾಗೆ ಕೇಳುವುದಿಲ್ಲ. ಮೀನು ತಿನ್ನುವವರಿಗೆ ಈ ಯಾವ ತೊಡಕೂ ಇಲ್ಲ. ಕರಾವಳಿಯ ನನ್ನ ಸ್ನೇಹಿತರೊಬ್ಬರು ಅಲ್ಲಿಗೆ ಹೋದ ಮೊದಲನೆಯ ದಿನವೇ ಮನೆಗೆ ಬಂದಂತಾಯಿತೆಂದರು.

ಸಿಹಿಗಳಲ್ಲಿ ಅಂಟಕ್ಕಿಯ ಅನ್ನಕ್ಕೆ ಸಿಹಿ ಕಾಯಿಹಾಲು ಹೀರಿಸಿ ಮಾವಿನಹಣ್ಣಿನೊಡನೆ ಕೊಡುವ ಖಾವ್ ನಿಯೋ ಮಮುವಾಂಗ್ ಹೆಸರಾದದ್ದು. ಏಪ್ರಿಲ್ ಸುಮಾರಿಗೆ ಹೋದರೆ ಹಣ್ಣು ಚೆನ್ನ. ಮೊದಲ ಸಲ ಹೋದಾಗ ನಾನು ಅದನ್ನು ಎಷ್ಟು ಸಲ ತಿಂದೆನೆಂಬ ಲೆಕ್ಕ ಇಲ್ಲಿ ಬೇಡ. ಅಮ್ಮನಿಗೆ ಹಿಡಿಸಿದ್ದು ಖನೊಮ್ ಕ್ರೊಕ್. ಗುಳಿಗಳಿರುವ ಕಬ್ಬಿಣದ ಹೆಂಚು, ಅಕ್ಕಿಹಿಟ್ಟು, ಕಾಯಿಹಾಲು. ಕಣ್ಣುಮುಚ್ಚಿ ಹೇಳಬಹುದು, ನಮ್ಮ ಗುಳಿಯಪ್ಪ. ಅವರು ಮಗುಚಿಹಾಕುವುದಿಲ್ಲ, ಒಂದು ಮೈ ಗರಿಯಾಗಿ ಬೆಂದು, ಮೇಲುಭಾಗ ಕೆನೆಯಂತಿರುವಾಗಲೇ ಎಬ್ಬಿಸಿ ಎರಡೆರಡನ್ನು ಮುಖಕ್ಕೆ ಮುಖ ಜೋಡಿಸುತ್ತಾರೆ. ಮೇಲೆ ಉದುರಿಸುವ ಈರುಳ್ಳಿಸೊಪ್ಪು ಬೇಡವೆಂದರೆ ಜೋಳದ ಕಾಳು ಹಾಕಿಕೊಡುತ್ತಾರೆ. ನಾನು ಹೊರಡುವ ಹಿಂದಿನ ದಿನ ಬೆಳಗ್ಗೆ ಅಮ್ಮ ಆ ಹೆಂಚಿನ ಮುಂದೆ ಬಹಳ ಹೊತ್ತು ನಿಂತಿದ್ದಳು. ಮಾರುವ ಹುಡುಗಿ ಹೊಸಬಳು. ಹಿಟ್ಟು ತಳ ಹಿಡಿಯುತ್ತಿತ್ತು.

"ಕಾವು ಜಾಸ್ತಿಯಾಯ್ತು ಕಣಮ್ಮ, ಉರಿ ಇಳಿಸು" ಎಂದಳು ಅಮ್ಮ, ಕನ್ನಡದಲ್ಲಿ.

ಹುಡುಗಿ ಅಮ್ಮನ ಮುಖವನ್ನೊಮ್ಮೆ ನೋಡಿ, ಬಗ್ಗಿ ಉರಿ ಇಳಿಸಿದಳು.